ರತ್ನಾಬಾಯಿ ಅಳಿಸಿದ ಸಾಲು

ತೊಂಬತ್ತರ ದಶಕದಲ್ಲಿ ಜಮಖಂಡಿಗೆ ಕಂಪ್ಯೂಟರ್ ಕ್ಲಾಸು ಬಂದಾಗ ಬನಹಟ್ಟಿಯ ಶೇವಂತಿ ದಿನವೂ ಬಸ್ಸು ಹಿಡಿದು ಹೋಗಿ ಕಲಿತಳು. ಶನಿವಾರ ಶಂಕರೆಪ್ಪ ಸರ್ ಒಬ್ಬೊಬ್ಬರ ಪ್ರೋಗ್ರಾಮನ್ನು ಹಲಗೆಯ ಮೇಲೆ ಬರೆಸಿ, ತಪ್ಪುಒಪ್ಪು ಹೇಳಿಸುತ್ತಿದ್ದರು. ಉಳಿದವರು ತಡವರಿಸುವಷ್ಟರಲ್ಲಿ ಶೇವಂತಿ ಎದ್ದು ನಿಂತಿರುತ್ತಿದ್ದಳು.

"ಇಲ್ಲಿ ಸೊನ್ನಿ ಕೊಟ್ರ ನಿಂತಬಿಡ್ತೈತ್ರಿ ಸರ್."

ಬಹಳ ಸಲ ಅವಳ ಮಾತೇ ಖರೆಯಾಗುತ್ತಿತ್ತು. ಬರಬರುತ್ತ ಎಲ್ಲರೂ ಸರ್‌ಗಿಂತ ಮೊದಲು ಅವಳಿಗೇ ತೋರಿಸತೊಡಗಿದರು. ಅದು ಅವಳಿಗೆ ಹಿತವಾಗಿತ್ತು.

ಪಕ್ಕದಲ್ಲಿ ಕೂರುವ ರತ್ನಾಬಾಯಿ ತೇರದಾಳದವಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದಳು. ಕ್ಲಾಸಿನಲ್ಲಿ ಕಲಿಸಲು ಒಬ್ಬರು ಬೇಕು, ಸೋಮವಾರದ ಪರೀಕ್ಷೆಯಲ್ಲಿ ಗೆದ್ದವರಿಗೆ ಕೆಲಸ ಎಂದು ಸರ್ ಹೇಳಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಕೆಲಸ ಸಿಕ್ಕರೆ ಬೇರೆ ಮನೆ ಮಾಡಬಹುದಿತ್ತು.

ಸೋಮವಾರದೊಳಗೆ ಬರೆದಿಡಲು ಕೊಟ್ಟ ಲೆಕ್ಕ ಇಷ್ಟೇ: ಯಾವುದೇ ಇಸವಿ ಕೊಟ್ಟರೂ, ಅದರಲ್ಲಿ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಇವೆಯೋ ಇಲ್ಲವೋ ಪ್ರೋಗ್ರಾಮು ಹೇಳಬೇಕು.

ರತ್ನಾಬಾಯಿ ಬರೆದದ್ದನ್ನು ಶೇವಂತಿ ನೋಡಿದಳು. ನಾಲ್ಕರಿಂದ ಭಾಗವಾದರೆ ಹೌದು, ನೂರರಿಂದ ಭಾಗವಾದರೆ ಅಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ನಾನೂರರಿಂದ ಭಾಗವಾದರೆ ಮತ್ತೆ ಹೌದು.

"ಇದ್ಯಾಕ ಬೇ? ಒಮ್ಮೆ ಅಲ್ಲ ಅಂದಮ್ಯಾಲ ಮತ್ತ ಹೌದು ಅಂತಾರೇನು? ತಗದಹಾಕು."

"ಎಲ್ಲೋ ಓದಿದ್ನೆವ್ವಾ..."

"ಸುಮ್ನ ಉದ್ದ ಮಾಡಬ್ಯಾಡ."

ರತ್ನಾಬಾಯಿ ಒಂದು ಗಳಿಗೆ ಕೀಲಿಮಣೆ ನೋಡುತ್ತ ಕೂತು, ಆಮೇಲೆ ಅಳಿಸಿದಳು.

ಸೋಮವಾರ ಸರ್ ಎಲ್ಲರ ಪ್ರೋಗ್ರಾಮಿಗೂ ಎರಡು ಸಾವಿರದ ಇಸವಿ ಕೊಟ್ಟರು. ರತ್ನಾಬಾಯಿಯದು 'ಇಲ್ಲ' ಎಂದಿತು. ಶೇವಂತಿಯದೂ ಅದನ್ನೇ ಹೇಳಿತು. ಹಿಂದಿನ ಸಾಲಿನ ತುಕಾರಾಮನ ಉದ್ದುದ್ದ, ಎಲ್ಲರೂ ನಕ್ಕಿದ್ದ ಪ್ರೋಗ್ರಾಮು 'ಹೌದು' ಎಂದಿತು. ಎರಡು ಸಾವಿರ ನಾನೂರರಿಂದ ಭಾಗವಾಗುವುದರಿಂದ ಅದೇ ಸರಿಯಿತ್ತು. ಕೆಲಸ ಅವನಿಗೆ ಹೋಯಿತು.

ಶೇವಂತಿ ಎದ್ದು ನಿಂತಳು.

"ಸರ್, ರತ್ನಕ್ಕ ಬರೋಬ್ಬರಿ ಬರದಿದ್ಳರಿ. ನಾನ ಒಂದ ಸಾಲ ತಗಸೀನ್ರಿ."

ಶಂಕರೆಪ್ಪ ಸರ್ ರತ್ನಾಬಾಯಿಯ ಪರದೆಯತ್ತ ನೋಡಿದರು. "ಕೊಟ್ಟದ್ದನ್ನ ನೋಡಬೇಕವ್ವ. ಇಲ್ದಿದ್ರ ಎಲ್ಲಾರೂ ಹಂಗ ಅಂತಾರ."

ಬಸ್ ಸ್ಟ್ಯಾಂಡಿನವರೆಗೂ ಶೇವಂತಿ ರತ್ನಾಬಾಯಿಯ ಹಿಂದೆಯೇ ನಡೆದಳು.

"ಬೈ ಅಕ್ಕಾ. ಏನರ ಅನ್ನು."

"ನಿನಗೇನ ಅನ್ಲಿ? ನನ್ನ ಓದಿನ ಮ್ಯಾಲ ನನಗ ನಂಬಿಗಿ ಇರಲಿಲ್ಲ. ನಿನ್ನ ದನಿ ಜೋರಿತ್ತು," ಎಂದು ರತ್ನಾಬಾಯಿ ತೇರದಾಳದ ಬಸ್ಸು ಹತ್ತಿದಳು. ಆಮೇಲೆ ಕ್ಲಾಸಿಗೆ ಬರಲಿಲ್ಲ.

ಒಂದು ಸಲ ಶೇವಂತಿ ತೇರದಾಳಕ್ಕೆ ಹೋದಳು. ಅಣ್ಣನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, "ಮನ್ಯಾಗಿಲ್ಲ" ಎಂದಳು. ಒಳಗೆ ಹೊಲಿಗೆ ಮಶಿನ್ ಓಡುತ್ತಿತ್ತು, "ರತ್ನಕ್ಕಾ" ಎಂದ ಶೇವಂತಿಯ ದನಿ ಕೇಳಿ ನಿಂತಿತು. ಶೇವಂತಿ ಇನ್ನೊಮ್ಮೆ ಕರೆಯಲಿಲ್ಲ.

ಮುಂದೆ ಶೇವಂತಿ ಮುಧೋಳದ ಒಂದು ಕ್ಲಾಸಿನಲ್ಲಿ ಕಲಿಸುವ ಕೆಲಸ ಹಿಡಿದಳು. ಅಲ್ಲಿನವರು ಅವಳನ್ನು ಅಂಜುಬುರುಕಿ ಎಂದು ಆಡಿಕೊಳ್ಳುತ್ತಿದ್ದರು. ಯಾರಾದರೂ ಪ್ರೋಗ್ರಾಮು ತೋರಿಸಿದರೆ ಸರಿ ಅಥವಾ ತಪ್ಪು ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.