ಅತ್ತೆ ಬಿಟ್ಟ ಚತುರ್ದಶಿ

ನಮ್ಮತ್ತೆ ಪದ್ಮವ್ವ ಬೆಲ್ಲದ ಬಾಗೇವಾಡಿಯವರು. ಜೈನರ ನೇಮದಂತೆ ಪ್ರತಿ ಚತುರ್ದಶಿಗೆ ಉಪವಾಸ. ಉಳಿದ ದಿನ ಹೊತ್ತು ಮುಳುಗಿದ ಮೇಲೆ ಗುಟುಕು ನೀರೂ ಇಲ್ಲ. ೨೦೦೩ರಲ್ಲಿ ಅವರಿಗೆ ಹೊಟ್ಟೆಯಲ್ಲಿ ಉರಿ ಶುರುವಾದಾಗ, ಬೆಳಗಾವಿಯಲ್ಲಿ ಓದಿಬಂದ ನಾನು ಕೂಡಲೇ ತೀರ್ಪು ಕೊಟ್ಟೆ: ಎಲ್ಲ ಉಪವಾಸದ್ದೇ.

ಗೋಕಾಕದ ಡಾಕ್ಟರು ಹುಣ್ಣೆಂದು ಗುಳಿಗೆ ಕೊಟ್ಟರು. ಮಾಯಿತು. ಗುಳಿಗೆ ನಿಲ್ಲಿಸಿದ ತಿಂಗಳಿಗೆ ಮತ್ತೆ ಹುಣ್ಣು, ಜೊತೆಗೆ ಭೇದಿ. ಅತ್ತೆಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೆದರಿದ ನಾನು ವರ್ಷದ ಮಗಳು ಭಕ್ತಿಯನ್ನು ಅವರ ತೊಡೆಯ ಮೇಲಿಟ್ಟು, ಅವಳ ತಲೆ ಮುಟ್ಟಿಸಿ, ಉಪವಾಸ ಬಿಡುವುದಾಗಿ ಆಣೆ ಹಾಕಿಸಿದೆ.

"ಇಷ್ಟ ಸಾಲಿ ಕಲ್ತಾಕಿ, ಆಣಿ ಹಾಕಸ್ತಿ?" ಎಂದು ನಕ್ಕರೂ ಮಾತು ಉಳಿಸಿಕೊಂಡರು. ಚತುರ್ದಶಿಯಂದು ಬಸದಿಯ ಗಂಟೆ ಕೇಳಿಸಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಹುಣ್ಣು ಮಾತ್ರ ಮೂರನೆಯ ಸಲವೂ ಬಂತು.

ಬೆಳಗಾವಿಯ ಡಾಕ್ಟರು ಕೊಳವೆ ಇಳಿಸಿ ನೋಡಿದರು. "ಹೊಟ್ಟಿ ಒಳಪದರ ದಪ್ಪ ಆಗಿ ಮಡಿಕಿ ಬಿದ್ದೈತ್ರಿ. ಮೇದೋಜೀರಕದಾಗ ಗಂಟ ಇರಬೇಕು. ಅದು ಬಿಡೂ ಹಾರ್ಮೋನು, ಆಸಿಡ್ ಮಾಡು, ಮಾಡು ಅಂತ ಹೊಟ್ಟಿಗಿ ಒಂದ ಸವನ ಹೇಳಾಕತ್ತಿರತೈತಿ."

"ಉಪವಾಸದಿಂದ ಅಲ್ವಾ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ. ರಕ್ತ ತಪಾಸ ಮಾಡೂಣು. ನಾಳೆ ಏನೂ ತಿನ್ನದ ಬರ್ರಿ."

ಅತ್ತೆ ನನ್ನತ್ತ ತಿರುಗಿದರು. "ನೀ ಉಣ್ಣು ಅಂತಿ, ಇವರು ಉಣಬ್ಯಾಡ ಅಂತಾರ. ನನ್ನ ಹೊಟ್ಟಿ ಯಾರದವ್ವಾ?"

ಗಂಟು ಅಲಸಂದಿ ಕಾಳಿನಷ್ಟಿತ್ತು, ಆಪರೇಷನ್ ಮಾಡಿ ತೆಗೆದರು. ಇದು ವಂಶದಲ್ಲಿ ಇಳಿಯುವುದೇ ಎಂದು ನಾನು ಮೂರು ಸಲ ಕೇಳಿದೆ. ಇವರದು ಹಾಗೆ ಕಾಣುವುದಿಲ್ಲ ಎಂದರು ಡಾಕ್ಟರು. ಅತ್ತೆ ಕೇಳಿದ್ದು ಒಂದೇ: ಉಪವಾಸ ಮಾಡಬಹುದೇ? ಆರು ತಿಂಗಳ ಮೇಲೆ ಒಂದು ದಿನಕ್ಕೆ ಅಡ್ಡಿಯಿಲ್ಲ ಎಂದರು.

ಆರು ತಿಂಗಳು ಕಳೆದ ಮೊದಲ ಚತುರ್ದಶಿಯ ಬೆಳಿಗ್ಗೆ ಅತ್ತೆ ಮಿಂದು ನನ್ನೆದುರು ನಿಂತರು.

"ಡಾಕ್ಟರ್ ಹೂಂ ಅಂದಾರ. ಆದರ ಆಣಿ ಹಾಕಿಸಿದಾಕಿ ನೀನು. ಆಣಿಯಿಂದ ಬಿಟ್ಟೇನಿ ಅನ್ನು."

ಒಂದೇ ಮಾತು ಸಾಕಿತ್ತು. ಆಣೆ ಬರಿಯ ಮಾತೆಂದು ನನಗೆ ಗೊತ್ತಿತ್ತು. ಹುಣ್ಣು ಉಪವಾಸದ್ದಲ್ಲವೆಂದೂ ಗೊತ್ತಿತ್ತು. ಆದರೆ ನನ್ನ ಹೆಗಲ ಮೇಲೆ ಭಕ್ತಿ ಕೆಮ್ಮುತ್ತಿದ್ದಳು. ನನ್ನ ಕೈ ತಾನಾಗಿ ಅವಳ ನೆತ್ತಿಯನ್ನು ಮುಚ್ಚಿಕೊಂಡಿತು.

ಅತ್ತೆ ಆ ಕೈಯನ್ನೇ ನೋಡಿದರು. ಆಮೇಲೆ ಮಣೆ ಎಳೆದುಕೊಂಡು ಕೂತರು.

"ಬಡಸು ಬಾ, ಹುಚ್ಚಿ. ರೊಟ್ಟಿ ಆರಾಕತ್ತೈತಿ."