ಮಾತು ಮುಗಿಸಿದ ಎಲೆಅಡಿಕೆ ತಟ್ಟೆ

ಹುಣಸೂರಿನ ಗುರುಮಲ್ಲಪ್ಪನವರು ಕೆಟ್ಟವರಲ್ಲ. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದವರೇ ಅಲ್ಲ. ಆದರೆ ತಾವು ಹೇಳಿದ್ದಕ್ಕೆ ಊರೆಲ್ಲ ಹೂಂ ಅನ್ನಬೇಕೆಂಬ ಚಟವೊಂದು ಅವರಿಗೆ ಅಂಟಿಕೊಂಡಿತ್ತು. ಕಾಫಿಯ ಚಟವಾದರೂ ವಾಸಿ, ಕುಡಿದವರಿಗಷ್ಟೇ ಕೇಡು.

ಹೆಗ್ಗಡದೇವನಕೋಟೆ ರಸ್ತೆಗೆ ಬಸ್ಸು ಬಿಡಲು ಅವರು ಮೋಟಾರು ಕಂಪನಿ ಕಟ್ಟಿದಾಗ ಜನ ಅವರ ಮುಖ ನೋಡಿಯೇ ಷೇರು ಕೊಂಡರು. ಹೆಂಡತಿ ಸಾಕಮ್ಮನ ತವರಿನ ಬಂಗಾರದ ಸರವೂ ಷೇರಾಯಿತು. ಬಸ್ಸು ತುಂಬಿ ತುಳುಕಿತು. ಮಾರನೆಯ ವರ್ಷ ಷೇರುದಾರರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ, ಇರುವ ಹಣವನ್ನೆಲ್ಲ ಹಾಕಿ ಇನ್ನೊಂದು ಬಸ್ಸು ತರೋಣವೆಂದರು.

ಮರದ ವ್ಯಾಪಾರಿ ಅಹಮದ್ ಪಾಷಾ ಎದ್ದು ನಿಂತರು. ಅವರೂ ಷೇರುದಾರರೇ, ಗುರುಮಲ್ಲಪ್ಪನವರ ಹಳೆಯ ಸ್ನೇಹಿತರು.

"ಈಗ ಬ್ಯಾಡ ಕಣ್ರೀ. ಮೈಸೂರಿನ ಸಾಹುಕಾರರೊಬ್ರು ಇದೇ ರಸ್ತೆಗೆ ಬಸ್ಸು ಬುಡ್ತಾರಂತೆ. ನಿಜವೋ ಸುಳ್ಳೋ ವಿಚಾರಿಸಾನ. ಎಲ್ಲಾ ಒಂದ್ರಲ್ಲೇ ಸುರುದ್ಬುಟ್ರೆ ಅವರು ಚಾರ್ಜು ಇಳಿಸಿದ ದಿನ ನಾವೇನ್ ಮಾಡದು?"

ಗುರುಮಲ್ಲಪ್ಪನವರ ಕಿವಿ ಕೆಂಪಾಯಿತು. ಒಳಮನೆಯ ಕಡೆ ತಿರುಗಿ, "ಸಾಕಮ್ಮಾ, ತಟ್ಟೆ ಕಳಿಸು" ಅಂದರು.

ಆ ಮನೆಯಲ್ಲಿ ಎಲೆಅಡಿಕೆ ತಟ್ಟೆ ಬಂತೆಂದರೆ ಮಾತು ಮುಗಿಯಿತೆಂದೇ ಅರ್ಥ. ಎಲೆ ತೆಗೆದುಕೊಂಡವರು ಒಪ್ಪಿದಂತೆ. ಬೇಡವೆಂದರೆ ಮನೆಯವರ ಮುಖಕ್ಕೆ ಹೊಡೆದಂತೆ. ತಟ್ಟೆ ಮೊದಲು ಪಾಷಾ ಅವರ ಮುಂದೆಯೇ ನಿಂತಿತು. ಅವರು ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಕೂತರು. ಉಳಿದವರೂ ಜಗಿಯತೊಡಗಿದರು. ಒಬ್ಬನ ಬಾಯನ್ನು ಎಷ್ಟು ಮರ್ಯಾದೆಯಿಂದ ಮುಚ್ಚಿಸಿದೆ ಎಂದು ಗುರುಮಲ್ಲಪ್ಪನವರು ಒಳಗೊಳಗೇ ಬೀಗಿದರು.

ಎರಡನೆಯ ಬಸ್ಸು ಬಂತು. ಅದರ ಹಿಂದೆಯೇ ಸಾಹುಕಾರರ ಬಸ್ಸುಗಳೂ ಬಂದವು, ಅರ್ಧ ಚಾರ್ಜಿಗೆ. ತಡೆದುಕೊಳ್ಳಲು ಕಂಪನಿಯ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಬಾಗಿಲು ಹಾಕಿತು.

ಕಂಪನಿ ಮುಚ್ಚಿದ್ದನ್ನು ಹೇಳಲು ಕರೆದ ಸಭೆಗೆ ಪಾಷಾ ಬರಲಿಲ್ಲ. ಷೇರು ಕೊಂಡಿದ್ದ ಪಿರಿಯಾಪಟ್ಟಣದ ರೈತ ಮಹದೇವಯ್ಯ ಮೆಲ್ಲಗೆ ಬಾಯಿಬಿಟ್ಟರು.

"ಅವತ್ತು ಪಾಷಾ ಸಾಹೇಬ್ರು ಹೇಳಿದ್ದು ನಂಗೂ ಸರಿ ಅನ್ನುಸ್ತು."

"ಮತ್ತೆ ಯಾಕ್ರೀ ಹೇಳ್ನಿಲ್ಲ?" ಅಂದರು ಗುರುಮಲ್ಲಪ್ಪನವರು.

"ಬಾಯ್ ತುಂಬ ಎಲೆ ಇತ್ತಲ್ಲ ಬುದ್ಧಿ. ತಾವೇ ಕೊಟ್ಟಿದ್ದು."

ನೆಲ ಬಿರಿದು ನುಂಗಿಬಿಡಬಾರದೇ ಅನ್ನಿಸಿತು ಗುರುಮಲ್ಲಪ್ಪನವರಿಗೆ. ಜನ ಹೋದ ಮೇಲೆ ಒಳಗೆ ಬಂದರು. ಸಾಕಮ್ಮ ಬರಿಗೊರಳಲ್ಲಿ ಅಕ್ಕಿ ಆರಿಸುತ್ತಿದ್ದಳು. ಆ ಕೊರಳನ್ನು ನೋಡಲಾರದೆ ಗೋಡೆ ನೋಡುತ್ತ, "ನಿಂಗೂ ಅಂಗೇ ಅನ್ನಿಸಿತ್ತಾ?" ಅಂದರು.

"ಅನ್ನಿಸಿತ್ತು. ಬಾಗಿಲ ಹಿಂದೆ ನಿಂತು ಕೇಳ್ತಿದ್ನಲ್ಲ."

"ಅಂಗಾರೆ ತಟ್ಟೆ ಯಾಕೆ ಕಳಿಸಿದೆ?"

"ನೀವು ಕೇಳಿದ್ದು ತಟ್ಟೆನ. ನನ್ನ ಮಾತ್ನಲ್ಲ."

ಮಾರನೆಯ ಬೆಳಿಗ್ಗೆ ಅವರು ಪಾಷಾ ಅವರ ಮರದ ಅಂಗಡಿಗೆ ಹೋದರು. ದಾರಿಯಲ್ಲಿ ಸಿಕ್ಕವರು ಎಂದಿನಂತೆ ಕೈಮುಗಿದರು. ಆ ಒಂದೊಂದು ನಮಸ್ಕಾರಕ್ಕೂ ಅವರು ಕುಗ್ಗಿದರು. ಪಾಷಾ ಹಲಗೆ ಒರೆಸಿ ಕೂರಿಸಿ, ಹಳೆಯ ಸಲಿಗೆಯಲ್ಲಿ ಎಲೆಅಡಿಕೆ ಡಬ್ಬಿ ಮುಂದೆ ಮಾಡಿದರು.

ಗುರುಮಲ್ಲಪ್ಪನವರು ಕೈ ಹಿಂದಕ್ಕೆ ಎಳೆದುಕೊಂಡರು. "ಮೊದ್ಲು ಬೈದುಬುಡಿ ಸಾಹೇಬ್ರೇ. ಎಲೆ ಆಮೇಲೆ."

ಪಾಷಾ ಡಬ್ಬಿ ಮುಚ್ಚಿದರು. "ಬೈಯೋಕೆ ನಂಗೆ ಯಾವ ಮುಖ ಐತೆ? ಸ್ನೇಹ ಕೆಡ್ತದೆ ಅಂತ ಅವತ್ತು ಎಲೆ ಬಾಯಿಗಿಟ್ಕಂಡೆ. ನಾನೊಬ್ಬ ಎಲೆ ಬ್ಯಾಡ ಅಂದಿದ್ರೆ ಸಾಕಮ್ಮ ತಂಗಿ ಸರದ ದುಡ್ಡಾದ್ರೂ ಉಳಿತಿತ್ತು."

ಬೈಗುಳ ತಿನ್ನಲು ಬಂದಿದ್ದ ಗುರುಮಲ್ಲಪ್ಪನವರಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ತಲೆ ತಗ್ಗಿಸಿಯೇ, ತಮ್ಮ ಜನ್ಮದಲ್ಲಿ ಯಾರನ್ನೂ ಕೇಳದಿದ್ದುದನ್ನು ಕೇಳಿದರು.

"ಅವತ್ತು ನೀವು ಇನ್ನೂ ಏನ್ ಹೇಳ್ಬೇಕು ಅಂತಿದ್ರಿ?"