ಪೂಜೆಗಿಟ್ಟ ಕಟ್ಟು

2024ರ ನವೆಂಬರ್ 16, ಬೆಳಗಿನ 6 ಗಂಟೆ 10 ನಿಮಿಷ. ಪುಣೆಯ ಹಳೆಯ ಪೇಟೆಯ ವಾಡೆಯೊಂದರಲ್ಲಿ, ಹಸ್ತಪ್ರತಿಗಳ ಕೋಣೆಯ ಕಿಟಕಿ ತೆರೆದು ಗೂಳಪ್ಪ ಮೇಜಿನ ಮೇಲೆ ಕರಿ ಕಾಗದ ಹಾಸುತ್ತಾರೆ. ಕೆಂಪು ಬಟ್ಟೆಯ ಕಟ್ಟೊಂದನ್ನು ಅದರ ಮೇಲಿಟ್ಟು, ಗಂಟು ಬಿಚ್ಚುವ ಮೊದಲು ಮೂಸುತ್ತಾರೆ. ಬೂಷ್ಟಿನ ವಾಸನೆ. ಕೈ ಅಲ್ಲೇ ನಿಲ್ಲುತ್ತದೆ.

ಸವದತ್ತಿ ಕಡೆಯ ಗೂಳಪ್ಪ ಈ ಖಾಸಗಿ ಸಂಗ್ರಹಕ್ಕೆ ಸೇರಿ ಇಪ್ಪತ್ತಾರು ವರ್ಷ. ಹಾಜರಿ ಪುಸ್ತಕದಲ್ಲಿ ಅವರು ಶಿಪಾಯಿ. ಮಾಡುವುದು ಹುಳುಗಳ ಜೊತೆ ಜಗಳ. ಊರಂಚಿನ ಕಾತ್ರಜದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಒಟ್ಟು 413 ಕಟ್ಟುಗಳು. ದಿನಕ್ಕೆ ಹನ್ನೆರಡು ಬಿಚ್ಚಿ, ಹಾಳೆ ಹಾಳೆಗೂ ಮೆತ್ತನೆಯ ಕುಂಚ ಆಡಿಸಿ, ಹುಳು ಓಡಿಸುವ ಬಜೆ ಬೇರಿನ ಹೊಸ ತುಂಡಿಟ್ಟು ಕಟ್ಟಿದರೆ ಒಂದು ಸುತ್ತಿಗೆ ಮೂವತ್ತೈದು ದಿನ. ಕರಿ ಕಾಗದದ ಮೇಲೆ ಬಿಳಿ ಹುಡಿ ಬಿದ್ದರೆ ಒಳಗೆ ಮರಿಹುಳು ಇದೆ ಎಂದರ್ಥ.

"ದೊಡ್ಡ ಹುಳಾ ಏನೂ ತಿನ್ನೂದಿಲ್ರಿ, ಅದರ ಮರಿ ತಿಂತದ. ಅಕ್ಕಿ, ಅಂಟು, ಕಾಗದ, ಅದಕ್ಕ ಎಲ್ಲಾ ಒಂದ" ಎಂದು ವಿವರಿಸುತ್ತಾರೆ ಗೂಳಪ್ಪ.

"ನನ್ನ ಸೀರಿಗೆ ನುಸಿ ಬಿದ್ರ ತಿರುಗಿ ನೋಡಂಗಿಲ್ಲ, ಅಲ್ಲಿ ಕಾಗದಕ್ಕ ತೂತು ಬಿದ್ರ ಊಟಾ ಬಿಡ್ತಾರ" ಎನ್ನುತ್ತಾರೆ ಹೆಂಡತಿ ಸಾವಂತ್ರವ್ವ.

ಹಳೆಯ ಮರಾಠಿ ಬರಹದ ಮೋಡಿ ಲಿಪಿಯ ರಾಶಿಯಲ್ಲಿ ಕನ್ನಡದ ಕಟ್ಟು ಒಂದೇ ಒಂದು. ಬೆಳಗಾವಿ ಕಡೆಯ ವೈದ್ಯನೊಬ್ಬ ಬರೆದಿಟ್ಟ ಔಷಧಿಗಳ ವಿವರ, 96 ಹಾಳೆ. ಅದರ ಹಳೆಯ ಕೈಬರಹ ಓದಬಲ್ಲವರು ಇಲ್ಲಿ ಗೂಳಪ್ಪ ಮಾತ್ರ. ನಕಲು ಎಲ್ಲಿಯೂ ಇಲ್ಲ. ಸ್ಕ್ಯಾನ್ ಪಟ್ಟಿಯಲ್ಲಿ ಅದು ಕಟ್ಟಕಡೆಯದು.

ಪ್ರತಿ ದಸರೆಗೆ ಒಂದು ಕಟ್ಟನ್ನು ಪೂಜಿಸಿ ಕಾರ್ತಿಕ ಹುಣ್ಣಿಮೆಯವರೆಗೆ ಸರಸ್ವತಿಯ ಮುಂದಿಡುವುದು ಇಲ್ಲಿನ ಪದ್ಧತಿ. ನಡುವೆ ಯಾರೂ ಮುಟ್ಟುವಂತಿಲ್ಲ. "ಈ ಸಲ ನಮ್ಮ ಕನ್ನಡದ್ದು ಇಡ್ರಿ ಸಾಹೇಬ್ರ" ಎಂದು ಕಾರ್ಯದರ್ಶಿ ಮೋಹನದಾಸ್ ಅವರನ್ನು ಕೇಳಿಕೊಂಡವರು ಗೂಳಪ್ಪನವರೇ. ಧಾರವಾಡದ ಮೋಹನದಾಸ್ ಖುಷಿಯಿಂದ ಒಪ್ಪಿದರು. ಬೇರೆ ವರ್ಷಗಳಲ್ಲಿ ಅಕ್ಷತೆ ಬೀಳುತ್ತಿದ್ದದ್ದು ಬಟ್ಟೆಯ ಮೇಲೆ. ಈ ಸಲ ಬಂದವರಿಗೆ ಕನ್ನಡ ಅಕ್ಷರ ಕಾಣಲೆಂದು ಗೂಳಪ್ಪ ಹಾಳೆಗಳನ್ನು ತೆರೆದಿಟ್ಟರು. ಅರಿಶಿನದ ನೀರಲ್ಲಿ ಕಲಸಿದ ಅಕ್ಕಿ ಹಾಳೆಗಳ ನಡುವೆ ಸೇರಿತು. ಪೂಜೆ ಮಾಡಿದವರು ಹಾಗೆಯೇ ಕಟ್ಟಿಬಿಟ್ಟರು. ಆ ಅಕ್ಕಿಯೂ ಗೂಳಪ್ಪನವರ ಮನೆಯದೇ, ಹಳೆಯ ಡಬ್ಬಿಯ ತಳದ್ದು.

ಹನ್ನೆರಡನೆಯ ದಿನ ಕಟ್ಟಿನ ಕೆಳಗಿನ ಮಣೆಯ ಮೇಲೆ ಚಿಟಿಕೆ ಹುಡಿ ಕಂಡಿತು.

"ಸಾಹೇಬ್ರ, ಹುಡಿ ಉದುರಾಕತ್ತದ. ಬಿಚ್ಚಲೇನ್ರಿ?"

"ಹುಣ್ಣಿಮಿ ತನಕಾ ತಡಿ ಗೂಳಪ್ಪ. ದೇವರ ಮುಂದಿಟ್ಟದ್ದನ್ನ ಹುಳಾ ಮುಟ್ಟೂದಿಲ್ಲ."

"ಹುಳಕ್ಕ ಅದು ಗೊತ್ತಿರಬೇಕಲ್ರಿ."

ಮೋಹನದಾಸ್ ನಕ್ಕರು. "ನೀ ಉಳಿದ ಕಟ್ಟು ನೋಡು. ಇದನ್ನ ನಾ ನೋಡ್ತೀನಿ."

ಮುಂದಿನ ಇಪ್ಪತ್ತೆರಡು ದಿನ ಗೂಳಪ್ಪ ಆ ಮಣೆಯನ್ನು ಒರೆಸಿದರು, ಅಷ್ಟೇ. "ಬೀಗದ ಕೈ ನನ್ನ ಕಿಸೇದಾಗ ಇತ್ರಿ. ಯಾರೂ ಇಲ್ಲದಾಗ ಬಿಚ್ಚಬಹುದಿತ್ತು. ಅಂಜಿದೆ. ದೇವರಿಗೆ ಅಂಜಿದ್ನೋ ಸಾಹೇಬರಿಗೆ ಅಂಜಿದ್ನೋ, ಈಗ ಕೇಳಿದ್ರ ಹೇಳಾಕ ಬರೂದಿಲ್ಲ."

ಇಂದು ಗಂಟು ಬಿಚ್ಚಿದೆ. ನಡುವಿನ ಇಪ್ಪತ್ತೆರಡು ಹಾಳೆಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿವೆ. ಬಿಡಿಸಲು ಹೋದರೆ ತೂತುಗಳ ಸಾಲಿನಲ್ಲೇ ಹರಿಯುತ್ತವೆ. ಮಕ್ಕಳ ಜ್ವರದ ಔಷಧಿಗಳಿದ್ದ ಭಾಗವದು. ಅಕ್ಷತೆಯ ಕಾಳುಗಳು ಟೊಳ್ಳು. ಹತ್ತು ಗಂಟೆಗೆ ಬಂದ ಮೋಹನದಾಸ್ ನಿಂತಲ್ಲಿಂದಲೇ ನೋಡುತ್ತಾರೆ. "ಹಳೇ ಕಾಗದ ಗೂಳಪ್ಪ, ಎಷ್ಟು ದಿನಾ ಅಂತ ಇದ್ದೀತು?"

"ಮುನ್ನೂರು ವರ್ಷ ಇತ್ರಿ" ಎನ್ನುತ್ತಾರೆ ಗೂಳಪ್ಪ.

ಉಳಿದ 412 ಕಟ್ಟುಗಳಲ್ಲಿ ಒಂದರಲ್ಲೂ ಹೊಸ ತೂತಿಲ್ಲ.  ಗೂಳಪ್ಪ ಕರಿ ಕಾಗದವನ್ನು ಮಡಿಚಿ, ಹಾಳೆಗಳಿಂದ ಉದುರಿದ ಹುಡಿಯನ್ನು ಚೆಲ್ಲದಂತೆ ಬಜೆ ತೂಗುವ ಪುಟ್ಟ ತಕ್ಕಡಿಗೆ ಸುರಿಯುತ್ತಾರೆ. ನಾಲ್ಕೂವರೆ ಗ್ರಾಂ.